ಹಗುರವಾದ ಹಾಟ್ ರಾಡ್‌ಗೆ ಯಾವ ಹಳೆಯ ಸಣ್ಣ ಫ್ಲಾಟ್‌ಹೆಡ್ ಎಂಜಿನ್ ಸೂಕ್ತ?
ಫೋರ್ಡ್ ಮಾಡೆಲ್ ಎ ಚಾಸಿಯ ಹಗುರವಾದ ಹಾಟ್ ರಾಡ್‌ಗೆ (ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರಿಗೆ) ಫೋರ್ಡ್ ವಿ8-60 ಹಾಕಬೇಕೋ, ವಿಲ್ಲಿಸ್ ಜೀಪಿನ ಗೋ-ಡೆವಿಲ್ ಹಾಕಬೇಕೋ ಎಂದು ಕೇಳಿದ್ದೀರಿ. ಎರಡೂ ಸುಮಾರು 2.2 ಲೀಟರಿನ, 60 ಅಶ್ವಶಕ್ತಿಯ ಫ್ಲಾಟ್‌ಹೆಡ್ (ವಾಲ್ವ್‌ಗಳು ಮೇಲಿನ ಮುಚ್ಚಳವಾದ ಹೆಡ್‌ನಲ್ಲಿರದೆ ಬ್ಲಾಕ್‌ನಲ್ಲೇ ಇರುವ) ಎಂಜಿನ್‌ಗಳೇ. ಆದರೆ ಸ್ವಭಾವ ಬೇರೆ.

ಅಮೆರಿಕದಲ್ಲಿ 1937ರಲ್ಲಿ ಬಂದ ವಿ8-60ರ ಸಿಲಿಂಡರ್ ವ್ಯಾಸ 66 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 81 ಮಿ.ಮೀ. ಮಾತ್ರ ಇರುವುದರಿಂದ ಅದು ಸಲೀಸಾಗಿ ವೇಗವಾಗಿ ತಿರುಗುತ್ತದೆ. ಅಮೆರಿಕದ ಮಿಡ್ಜೆಟ್ (ಪುಟ್ಟ ರೇಸ್ ಕಾರು) ರೇಸಿನವರು ಅದನ್ನು ಮೆಚ್ಚಿಕೊಂಡದ್ದು ಇದಕ್ಕಾಗಿಯೇ. ಗೋ-ಡೆವಿಲ್‌ನ ಸ್ಟ್ರೋಕ್ 111 ಮಿ.ಮೀ.; ಕಡಿಮೆ ವೇಗದಲ್ಲಿ ಚೆನ್ನಾಗಿ ಎಳೆಯುತ್ತದೆ, ಆದರೆ ಓಡಿಸಿದರೆ ಜೀಪಿನದೇ ಅನುಭವ.

ನನ್ನ ಆಯ್ಕೆ ವಿ8-60, ಆದರೆ ಬ್ಲಾಕ್ ಪರೀಕ್ಷಿಸಿದ ಮೇಲಷ್ಟೇ. ಆರಂಭದ ಬ್ಲಾಕ್‌ಗಳಲ್ಲಿ ನೀರಿನ ಜಾಕೆಟ್ಟಿನ (ತಂಪಿಗಾಗಿ ಸಿಲಿಂಡರ್ ಸುತ್ತ ನೀರು ಹರಿಯುವ ಜಾಗದ) ಪಕ್ಕಗಳು ತಗಡಿನವು. ತುಕ್ಕು ಒಳಗಿನಿಂದ ತಿನ್ನುವುದರಿಂದ, ಬಣ್ಣ ಹೊಸದಾಗಿದ್ದರೂ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಪಕ್ಕಗಳೂ ಎರಕದ ಕಬ್ಬಿಣದ್ದಾಗಿರುವ ನಂತರದ ಬ್ಲಾಕ್ ಸಿಕ್ಕರೆ ಅದನ್ನೇ ಕೊಳ್ಳಿ. ಹೆಡ್ ಬಿಚ್ಚಿಸಿ, ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವೆ ಕೂದಲೆಳೆಯ ಬಿರುಕಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಹೊಗೆಯ ದಾರಿ ಬ್ಲಾಕಿನೊಳಗೇ ಹಾದುಹೋಗುವುದರಿಂದ ಬಿಸಿ ಹೆಚ್ಚು. ರೇಡಿಯೇಟರ್‌ನಲ್ಲಿ ಜುಗ್ಗತನ ಬೇಡ. ದೊಡ್ಡ ಫೋರ್ಡ್ ವಿ8ರ ಗೇರ್‌ಬಾಕ್ಸ್ ಇದಕ್ಕೆ ನೇರವಾಗಿ ಕೂರುವುದಿಲ್ಲ. ಎಂಜಿನ್ ಜೊತೆಗೇ ಇದರದೇ ಗೇರ್‌ಬಾಕ್ಸನ್ನೂ ಪಡೆಯಿರಿ.

ಭಾರತದಲ್ಲಿ ಗೋ-ಡೆವಿಲ್ ಹುಡುಕುವವರಿಗೊಂದು ಎಚ್ಚರಿಕೆ: ಹಳೆಯ ಮಹೀಂದ್ರ ಜೀಪುಗಳಲ್ಲಿ ಹೆಚ್ಚಾಗಿ ಕಾಣುವ ಹರಿಕೇನ್ ಎಂಜಿನ್‌ನಲ್ಲಿ ಇನ್‌ಟೇಕ್ ವಾಲ್ವ್‌ಗಳು ಹೆಡ್‌ನಲ್ಲಿರುತ್ತವೆ, ಆದ್ದರಿಂದ ಅದು ಫ್ಲಾಟ್‌ಹೆಡ್ ಅಲ್ಲ.