ಜೆರಾಕ್ಸ್ ಅಂಗಡಿಗೆ ವಾಟ್ಸಾಪ್‌ನಲ್ಲಿ ಆಧಾರ್ ಕಳಿಸಿದ್ದೆ, ಅವರು ಡಿಲೀಟ್ ಮಾಡಿರುತ್ತಾರಾ?

ಸ್ಕಾಲರ್‌ಶಿಪ್ ಅರ್ಜಿಗೆ ಅಂತ ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಮೂರನ್ನೂ ಅಂಗಡಿಯ ನಂಬರಿಗೆ ಕಳಿಸಿ ಪ್ರಿಂಟ್ ತೆಗೆಸಿದ್ದೀರಿ, ಅದು ಇನ್ನೂ ಅಲ್ಲೇ ಇರುತ್ತದಾ ಅಂತ ಕೇಳಿದ್ದೀರಿ. ಇರುತ್ತದೆ. ದಾವಣಗೆರೆ ವಿದ್ಯಾನಗರದಲ್ಲಿ ಆರು ವರ್ಷ ಜೆರಾಕ್ಸ್ ಅಂಗಡಿ ನಡೆಸಿದವನು ನಾನು. ನಾನೂ ಡಿಲೀಟ್ ಮಾಡುತ್ತಿರಲಿಲ್ಲ.

ಕದಿಯೋಕೆ ಅಂತ ಇಟ್ಟುಕೊಂಡಿದ್ದಲ್ಲ, ಪುರುಸೊತ್ತೇ ಇರುತ್ತಿರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿ ಮುಂದೆ ಹದಿನೈದು ಹುಡುಗರು, ಎಲ್ಲರಿಗೂ ಇವತ್ತೇ ಕೊನೇ ದಿನ, "ಅಣ್ಣಾ ನಂದು ಎರಡೇ ಪೇಜು, ಮೊದ್ಲು ಹಾಕ್ರಿ" ಅಂತ ಒಬ್ಬ, ಕರೆಂಟ್ ಯಾವಾಗ ಹೋಗುತ್ತದೋ ಅನ್ನೋ ಭಯ ಬೇರೆ. ಕಂಪ್ಯೂಟರ್‌ನಲ್ಲಿ ವಾಟ್ಸಾಪ್ ವೆಬ್ ಸದಾ ತೆರೆದೇ ಇರುತ್ತಿತ್ತು. ಫೈಲ್ ಬಂತು, ಒತ್ತಿದೆ, ಡೌನ್‌ಲೋಡ್ಸ್ ಫೋಲ್ಡರ್‌ಗೆ ಇಳಿಯಿತು, ಪ್ರಿಂಟ್ ಕೊಟ್ಟೆ, ಮುಂದಿನವರು ಬನ್ನಿ. ಅಷ್ಟರಲ್ಲಿ ನಿಮ್ಮ ಆಧಾರ್ ಅಂಗಡಿಯ ಫೋನಿನಲ್ಲಿ ಒಂದು, ಕಂಪ್ಯೂಟರ್‌ನಲ್ಲಿ ಒಂದು ಆಯಿತು. ಮನೆಗೆ ಹೋಗಿ ನೀವು 'ಡಿಲೀಟ್ ಫಾರ್ ಎವರಿವನ್' ಒತ್ತಿದರೂ ಚಾಟ್‌ನಿಂದ ಹೋಗುತ್ತದೆ ಅಷ್ಟೇ, ಫೋಲ್ಡರ್‌ಗೆ ಇಳಿದಿದ್ದು ಹೋಗುವುದಿಲ್ಲ.

ಇ-ಆಧಾರ್‌ಗೆ, ಅಂದರೆ ವೆಬ್‌ಸೈಟ್‌ನಿಂದ ಇಳಿಸಿಕೊಳ್ಳುವ ಆಧಾರ್ ಫೈಲ್‌ಗೆ, ಪಾಸ್‌ವರ್ಡ್ ಇದೆಯಲ್ಲಾ ಅಂತೀರಾ? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಅದರ ಮುಂದೆ ಹುಟ್ಟಿದ ಇಸವಿ. ಇಡೀ ದೇಶಕ್ಕೆ ಇದೇ ಸೂತ್ರ. ಹೆಸರು, ಇಸವಿ ಎರಡೂ ನೀವೇ ಜೊತೆಗೆ ಕಳಿಸಿದ ಮಾರ್ಕ್ಸ್ ಕಾರ್ಡ್‌ನಲ್ಲಿ ಇವೆ. ಅದೂ ಬೇಡ, ಜನ ಕೌಂಟರ್ ಮುಂದೆ ನಿಂತು ಹಿಂದಿದ್ದವರಿಗೆಲ್ಲ ಕೇಳುವ ಹಾಗೆ ಪಾಸ್‌ವರ್ಡ್ ಕೂಗಿ ಹೇಳುತ್ತಿದ್ದರು.

ನನ್ನ ಕಂಪ್ಯೂಟರ್ ಕಥೆ ಹೇಳೋಕೆ ನಾಚಿಕೆ ಆಗುತ್ತದೆ. ವಿಂಡೋಸ್ 7, ಅದೂ ದುಡ್ಡು ಕೊಟ್ಟು ತಗೊಂಡಿದ್ದಲ್ಲ. ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಅದಕ್ಕೆ ಅಪ್‌ಡೇಟ್ ಕೊಡೋದು ನಿಲ್ಲಿಸಿತ್ತು, ನಾನು 2022ರವರೆಗೂ ಅದರಲ್ಲೇ ದಬ್ಬಿದೆ. ದಿನಕ್ಕೆ ಎಷ್ಟು ಪೆನ್‌ಡ್ರೈವ್ ಚುಚ್ಚುತ್ತಿದ್ದರೋ ಲೆಕ್ಕ ಇಲ್ಲ, ಒಂದರ ಶಾರ್ಟ್‌ಕಟ್ ವೈರಸ್ ಇನ್ನೊಂದಕ್ಕೆ ನೆಗಡಿ ಹರಡಿದ ಹಾಗೆ ಹರಡುತ್ತಿತ್ತು. ರಿಪೇರಿ ಹುಡುಗ ಮನೆಯಿಂದಲೇ ನೋಡೋಣ ಅಂತ, ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಸಾಫ್ಟ್‌ವೇರ್ ಹಾಕಿಟ್ಟು, ಒಂದೇ ಪಾಸ್‌ವರ್ಡ್ ಕಾಯಂ ಮಾಡಿದ್ದ. ಅಂದರೆ ರಾತ್ರಿ ಶಟರ್ ಎಳೆದ ಮೇಲೂ, ಕಂಪ್ಯೂಟರ್ ಆಫ್ ಮಾಡೋದು ಮರೆತಿದ್ದರೆ, ಅವನು ಒಳಗೆ ಬರಬಹುದಿತ್ತು. ಅವನು ಒಳ್ಳೆಯವನೇ. ಆದರೆ ಆ ಪಾಸ್‌ವರ್ಡ್ ಅವನು ಇನ್ಯಾರಿಗೆ ಹೇಳಿದ್ದನೋ!

ಮೆಷಿನ್ ಕೂಡ ಸಾಚಾ ಅಲ್ಲ. ಸಣ್ಣ ಪ್ರಿಂಟರ್ ಬಿಡಿ, ನೆಲದ ಮೇಲೆ ನಿಲ್ಲುವ ದೊಡ್ಡ ಜೆರಾಕ್ಸ್ ಮೆಷಿನ್ ಎಷ್ಟೋ ಮಾಡೆಲ್‌ಗಳಲ್ಲಿ ಒಳಗೆ ಹಾರ್ಡ್ ಡಿಸ್ಕ್ ಇರುತ್ತದೆ. ನಾನು ತಗೊಂಡಿದ್ದು ವಿದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಮಾಲು. ಆನ್ ಮಾಡಿ ಅಡ್ರೆಸ್ ಬುಕ್ ಒತ್ತಿದರೆ ಯಾವುದೋ ಆಫೀಸಿನವರ ಹೆಸರು, ಇಮೇಲ್ ಎಲ್ಲಾ ಹಾಗೇ ಕೂತಿತ್ತು. 2010ರಲ್ಲಿ ಅಮೆರಿಕದ ಸಿಬಿಎಸ್ ಟಿವಿಯವರು ಇಂಥ ಹಳೇ ಮೆಷಿನ್ ನಾಲ್ಕು ಕೊಂಡು ಡಿಸ್ಕ್ ಬಿಚ್ಚಿ ನೋಡಿದರೆ ಪೊಲೀಸ್ ಕೇಸಿನ ಕಾಗದ, ರೋಗಿಗಳ ದಾಖಲೆ ಎಲ್ಲಾ ಸಿಕ್ಕಿತ್ತು.

ಇನ್ನು ರದ್ದಿ. ಒಂದು ಸಂಜೆ ಮಂಡಕ್ಕಿ ಮಿರ್ಚಿ ತಿನ್ನೋಕೆ ಹೋಗಿದ್ದೆ, ಪೊಟ್ಟಣ ಬಿಚ್ಚಿದರೆ ಎಣ್ಣೆ ಹತ್ತಿದ ಆಧಾರ್ ಜೆರಾಕ್ಸ್, ನಂಬರ್ ಸ್ಪಷ್ಟವಾಗಿ ಓದಬಹುದಿತ್ತು. ನನ್ನ ಅಂಗಡಿಯದೇ ಇರಬೇಕು, ಸೊಟ್ಟ ಬಂದ ಪ್ರಿಂಟ್‌ಗಳನ್ನು ಕೆಜಿ ಲೆಕ್ಕದಲ್ಲಿ ಮಾರುತ್ತಿದ್ದವನು ನಾನೇ ಅಲ್ವಾ.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಆಧಾರ್‌ದಲ್ಲ, ಅದರ ಜೊತೆ ಪಾಸ್‌ಬುಕ್ ಕಳಿಸಿದ್ದು. ಹಳ್ಳಿಗಳಲ್ಲಿ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯುತ್ತಾರಲ್ಲ, ಆ ಆಧಾರ್ ಪಾವತಿಗೆ ಬೇಕಾಗಿರುವುದು ಮೂರು: ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳು. ಒಟಿಪಿ ಕೇಳುವುದೇ ಇಲ್ಲ. ಮೊದಲೆರಡು ಈಗಾಗಲೇ ಅಂಗಡಿಯಲ್ಲಿವೆ. ಬೆರಳು ಎಲ್ಲಿಂದ ತರುತ್ತಾರೆ ಅನ್ನಬೇಡಿ, 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಜನರ ಖಾತೆಯಿಂದ ಹಣ ಎತ್ತಿದ ಪ್ರಕರಣಗಳು ಹೊರಬಂದವು.

ಅದಕ್ಕೆ ಇವತ್ತೇ ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ವೆಬ್‌ಸೈಟ್‌ನಲ್ಲೋ ಅವರ ಆ್ಯಪ್‌ನಲ್ಲೋ ಬಯೋಮೆಟ್ರಿಕ್ ಲಾಕ್ ಮಾಡಿ, ಅಂದರೆ ನಿಮ್ಮ ಬೆರಳಚ್ಚು ಎಲ್ಲೂ ನಡೆಯದ ಹಾಗೆ ಬೀಗ ಹಾಕಿ. ದುಡ್ಡು ಬೇಕಿಲ್ಲ. ಒಂದು ಎಚ್ಚರ: ಲಾಕ್ ಮಾಡಿದ ಮೇಲೆ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ತಗೊಳ್ಳುವುದಿಲ್ಲ. ಅವ್ವನದು ಲಾಕ್ ಮಾಡಿ ಅವಳಿಗೆ ಹೇಳೋದೇ ಮರೆತಿದ್ದೆ. ಅವಳು ಅರ್ಧ ದಿನ ಕ್ಯೂ ನಿಂತು ಖಾಲಿ ಚೀಲ ಹಿಡಿದು ಬಂದಳು, ಆ ದಿನ ನನಗೆ ಬಿದ್ದ ಬೈಗುಳ ಇಲ್ಲಿ ಬರೆಯೋಕೆ ಆಗಲ್ಲ. ಬೇಕಾದಾಗ ಸ್ವಲ್ಪ ಹೊತ್ತು ಅನ್‌ಲಾಕ್ ಮಾಡಿಕೊಳ್ಳಬಹುದು. ಅಕಸ್ಮಾತ್ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮುಂದಿನ ಸಲ ಮಾಸ್ಕ್ ಮಾಡಿದ ಆಧಾರ್ ಇಳಿಸಿಕೊಳ್ಳಿ. ಮೊದಲ ಎಂಟು ಅಂಕಿ ಮುಚ್ಚಿರುತ್ತದೆ, ಕೊನೇ ನಾಲ್ಕು ಮಾತ್ರ ಕಾಣುತ್ತದೆ. ಕೆಲವು ಕಡೆ ಒಪ್ಪುವುದಿಲ್ಲ, ಆದರೂ ಕೇಳಿ ನೋಡಿ. 2022ರ ಮೇ 27ರಂದು ಯುಐಡಿಎಐನ ಬೆಂಗಳೂರು ಕಚೇರಿ, ಆಧಾರ್ ಜೆರಾಕ್ಸ್ ಸಿಕ್ಕಸಿಕ್ಕವರಿಗೆ ಕೊಡಬೇಡಿ, ಮಾಸ್ಕ್ ಮಾಡಿದ್ದು ಕೊಡಿ ಅಂತ ಪ್ರಕಟಣೆ ಹೊರಡಿಸಿತ್ತು. ಜನ ತಪ್ಪು ತಿಳಿದುಕೊಳ್ಳಬಹುದು ಅಂತ ಸರ್ಕಾರ ಎರಡೇ ದಿನಕ್ಕೆ ಅದನ್ನು ವಾಪಸ್ ತಗೊಂಡಿತು. ನನ್ನ ಪ್ರಕಾರ ವಾಪಸ್ ತಗೊಳ್ಳಬಾರದಿತ್ತು.

ಈಗ ಕಳಿಸಿರುವುದಕ್ಕೆ ಆ ಅಂಗಡಿಗೆ ಇನ್ನೊಮ್ಮೆ ಹೋಗಿ. ಬೆಳಿಗ್ಗೆ ಬೇಡ, ಮಧ್ಯಾಹ್ನ ಮೂರರ ಸುಮಾರಿಗೆ ಖಾಲಿ ಇರುತ್ತಾರೆ. "ಅಣ್ಣಾ, ನನ್ನ ಫೈಲ್ ಒಂಚೂರು ತೆಗೀರಿ" ಅಂದರೆ ಯಾರೂ ಬೇಜಾರಾಗಲ್ಲ. ಶಿಫ್ಟ್ ಒತ್ತಿ ಡಿಲೀಟ್ ಮಾಡಿಸಿ, ಇಲ್ಲಾಂದ್ರೆ ರೀಸೈಕಲ್ ಬಿನ್‌ಗೆ ಹೋಗಿ ಕೂರುತ್ತದೆ. ಯಾವತ್ತಾದರೂ ಅವರ ಕಂಪ್ಯೂಟರ್‌ನಲ್ಲಿ ನಿಮ್ಮದೇ ವಾಟ್ಸಾಪ್ ತೆರೆದಿದ್ದರೆ ಫೋನಿನ 'ಲಿಂಕ್ಡ್ ಡಿವೈಸಸ್' ನೋಡಿ ಲಾಗೌಟ್ ಮಾಡಿ.

ನನ್ನ ಅಂಗಡಿಯ ಆ ಹಳೇ ಹಾರ್ಡ್ ಡಿಸ್ಕ್ ಮಾತ್ರ ಗುಜರಿಗೆ ಕೊಟ್ಟಿಲ್ಲ, ಮನೆಯ ಅಟ್ಟದ ಮೇಲಿದೆ. ಸುತ್ತಿಗೆಯಿಂದ ಒಡೆಯಬೇಕು ಅಂತ ಮೂರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ.