ಬಳೆ ಮಾರುವ ಮುಂಚೆ ಪಾಸ್‌ಬುಕ್ ತೆಗೆಯಿರಿ

ಪ್ರಶ್ನೆ: ನನಗೆ 39 ವರ್ಷ. ನಾಲ್ಕು ತಿಂಗಳ ಹಿಂದೆ ಯಜಮಾನರು ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಅವರಿಗೆ 44. ಖಾಸಗಿ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಬಾಡಿಗೆ ಮನೆ, ಮಗ ಪಿಯುಸಿ. ಅವರ ಹೆಸರಲ್ಲಿ 4.20 ಲಕ್ಷ ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡಿನಲ್ಲಿ 86 ಸಾವಿರ ಬಾಕಿ ಇರುವುದು ಅವರು ಹೋದ ಮೇಲೆ ಗೊತ್ತಾಯಿತು. ಭಾವನವರಿಂದ 60 ಸಾವಿರ ಕೈಗಡ ಬೇರೆ. ಹೊಲಿಗೆ ಕೆಲಸಕ್ಕೆಂದು ಇಬ್ಬರೂ ಸಹಿ ಹಾಕಿ ತೆಗೆದ 1.50 ಲಕ್ಷದ ಸಾಲಕ್ಕೆ ಮೂರು ಕಂತು ಕಟ್ಟಿಲ್ಲ. ಮೊನ್ನೆ ಹೊಸ ಮಷಿನ್ ಕಂತಿನಲ್ಲಿ ಕೇಳಿದರೆ, ನಿಮ್ಮ ಸಿಬಿಲ್ ಸ್ಕೋರ್ (ಸಾಲ ಸರಿಯಾಗಿ ಕಟ್ಟಿದ್ದೀರಾ ಎಂಬುದರ ಅಂಕ) 590, ಆಗಲ್ಲ ಎಂದರು. ಪರ್ಸನಲ್ ಲೋನಿನವರು ರಾತ್ರಿ 9ಕ್ಕೂ ಫೋನ್ ಮಾಡಿ ಕೂಗಾಡುತ್ತಾರೆ. ಸಾಲ ಉಳಿಸಿಕೊಂಡು ಹೋದವನಿಗೆ ಸದ್ಗತಿ ಇಲ್ಲ ಅಂತ ಅತ್ತೆ ಕಣ್ಣೀರು ಹಾಕುತ್ತಾರೆ. ತವರಿನವರು ಹಾಕಿದ ಎರಡು ಬಳೆ ಇವೆ. ಮಾರಿ ಕಟ್ಟಿಬಿಡಲೇ?

ಉತ್ತರ: ಬೇಡ. ಮೊದಲು ಇದನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈ ಉತ್ತರ ಓದಿ ಮುಗಿಸುವಷ್ಟರಲ್ಲಿ ನೀವು ಅಕ್ಕಸಾಲಿಗರ ಅಂಗಡಿ ಮುಂದೆ ನಿಂತಿರುತ್ತೀರೇನೋ.

ನಾಲ್ಕು ಸಾಲವನ್ನೂ ಒಂದೇ ಗಂಟು ಕಟ್ಟಿ ತಲೆ ಮೇಲೆ ಹೊತ್ತುಕೊಂಡಿದ್ದೀರಿ. ಗಂಟು ಬಿಚ್ಚೋಣ. ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್ ಎರಡೂ ಅವರೊಬ್ಬರ ಹೆಸರಿನವು. ನೀವು ಜೊತೆಗೆ ಸಹಿ ಹಾಕಿಲ್ಲ, ಜಾಮೀನು ನಿಂತಿಲ್ಲ ಅಂದರೆ ಹೆಂಡತಿ ಎಂಬ ಒಂದೇ ಕಾರಣಕ್ಕೆ ಅವು ನಿಮ್ಮ ಸಾಲ ಆಗುವುದಿಲ್ಲ. ಅವರು ಬಿಟ್ಟುಹೋದ ಆಸ್ತಿ ನಿಮ್ಮ ಕೈಗೆ ಬಂದಿದ್ದರೆ ಅದರ ಬೆಲೆಯ ಮಟ್ಟಿಗೆ ಬ್ಯಾಂಕು ಕೇಳಬಹುದು: ಅವರ ಬೈಕು, ಅವರ ಖಾತೆಯಲ್ಲಿದ್ದ ಹಣ, ಇಂಥವು. ನಿಮ್ಮ ಹೊಲಿಗೆ ದುಡ್ಡಿಗೆ ಕೈ ಹಾಕುವಂತಿಲ್ಲ. ತವರಿನ ಬಳೆ ನಿಮ್ಮ ಸ್ತ್ರೀಧನ, ಅಂದರೆ ನಿಮ್ಮೊಬ್ಬರದೇ ಸ್ವತ್ತು, ಅದಕ್ಕೂ ಅವರ ಸಾಲಕ್ಕೂ ಸಂಬಂಧವೇ ಇಲ್ಲ.

ಫೋನಿನಲ್ಲಿ ಕೂಗಾಡುವವರು ಇದನ್ನೆಲ್ಲ ಹೇಳುವುದಿಲ್ಲ, ಬಿಡಿ. "ಮೇಡಂ, ಸುಮ್ನೆ ಒಂದು ಸಹಿ ಹಾಕಿ, ಕಂತು ಕಮ್ಮಿ ಮಾಡಿಸ್ತೀನಿ" ಎಂದು ಮನೆಗೇ ಬರಬಹುದು. ಆ ಸಹಿ ಮಾತ್ರ ಹಾಕಬೇಡಿ. ನಿಮ್ಮದಲ್ಲದ ಸಾಲ ನಿಮ್ಮದಾಗುವ ದಾರಿ ಅದು. ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕರೆ ಬಂದ ತಾರೀಖು, ಗಂಟೆ ಒಂದು ಕಡೆ ಬರೆದಿಡಿ. ಆ ಪಟ್ಟಿಯ ಜೊತೆ ಮರಣ ಪ್ರಮಾಣ ಪತ್ರದ ನಕಲು, ಒಂದು ಪತ್ರ ಸೇರಿಸಿ ಬ್ಯಾಂಕಿಗೆ ಕೊಡಿ. ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು. ಹೇಗೆಂದು ತಿಳಿಯದಿದ್ದರೆ 14448ಕ್ಕೆ ಫೋನ್ ಮಾಡಿ. ಅದೇ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿ: ಈ ಲೋನಿಗೆ ವಿಮೆ ಇತ್ತೇ? ಸಾಲ ಕೊಡುವಾಗಲೇ ವಿಮೆಯ ಕಂತು ಮುರಿದುಕೊಂಡಿರುವುದು ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಈಗ ನಿಮ್ಮ ಯಜಮಾನರ ಪಾಸ್‌ಬುಕ್ ತೆಗೆಯಿರಿ. ಎಂಟ್ರಿ ಹಾಕಿಸದೆ ವರ್ಷವಾಗಿದ್ದರೆ ಹಾಕಿಸಿ. ಮೇ ಕೊನೆ, ಜೂನ್ ಮೊದಲ ವಾರದ ಸಾಲುಗಳ ಮೇಲೆ ಬೆರಳಿಟ್ಟು ನೋಡುತ್ತಾ ಬನ್ನಿ. 436 ರೂಪಾಯಿ ಕಡಿತ ಕಂಡರೆ ಅದು ಬಹುತೇಕ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ. ಯಾವುದೇ ಕಾರಣದಿಂದ ಸತ್ತರೂ ನಾಮಿನಿಗೆ 2 ಲಕ್ಷ. (ಪಕ್ಕದಲ್ಲೇ 20 ರೂಪಾಯಿಯದೂ ಇರಬಹುದು. ಅದು ಅಪಘಾತದ ವಿಮೆ, ನಿಮಗೆ ಬರುವುದಿಲ್ಲ.) ನಾಲ್ಕು ತಿಂಗಳಾಯಿತಲ್ಲ ಅಂತ ಕೈಬಿಡಬೇಡಿ, ನಾಳೆಯೇ ಆ ಬ್ಯಾಂಕಿಗೆ ಹೋಗಿ ಅರ್ಜಿ ಕೊಡಿ. ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ: ಅವರ ಎಟಿಎಂ ಕಾರ್ಡು, ಫೋನ್‌ಪೇ ಇನ್ನೂ ಬಳಸುತ್ತಿದ್ದರೆ ಇವತ್ತಿಗೇ ನಿಲ್ಲಿಸಿ. ಮನೆ ಖರ್ಚಿಗೇ ತೆಗೆದಿದ್ದರೂ ಆಮೇಲೆ ಅದೇ ತಕರಾರಾಗುತ್ತದೆ.

ಅಲ್ಲಿಂದ ಸೀದಾ ಅವರ ಕಾರ್ಖಾನೆಗೆ ಹೋಗಿ. ಪಿಎಫ್ ಕಡಿಯುತ್ತಿದ್ದರು ತಾನೇ? ಹಾಗಾದರೆ ಮೂರು ಕೇಳಬೇಕು: ಪಿಎಫ್ ಹಣ, ನಿಮಗೂ ಮಗನಿಗೂ ಕುಟುಂಬ ಪಿಂಚಣಿ, ಜೊತೆಗೆ ಇಡಿಎಲ್‌ಐ, ಅಂದರೆ ಕೆಲಸದಲ್ಲಿದ್ದಾಗ ತೀರಿಕೊಂಡವರ ಮನೆಯವರಿಗೆ ಪಿಎಫ್ ಕಡೆಯಿಂದ ಸಿಗುವ ವಿಮೆ. ಈ ಮೂರನೆಯದನ್ನು ಕೇಳದೆ ಬಂದವರೇ ಜಾಸ್ತಿ. ಸಂಬಳ ನೋಡಿ 7 ಲಕ್ಷದವರೆಗೂ ಸಿಗುತ್ತದೆ. ನಾಮಿನಿ ಯಾರೆಂದೂ ವಿಚಾರಿಸಿ. ಮದುವೆಗೆ ಮುಂಚೆ ಬರೆಸಿದ ಹೆಸರೇ ಉಳಿದಿರುವುದುಂಟು. ನಾಮಿನಿಗೆ ಬರುವ ಪಿಎಫ್ ಹಣದ ಮೇಲೆ ನಿಮ್ಮ ಯಜಮಾನರಿಗೆ ಸಾಲ ಕೊಟ್ಟವರ ಹಕ್ಕು ನಡೆಯುವುದಿಲ್ಲ, ಕಾನೂನೇ ಹಾಗಿದೆ. ಅದು ಬಂತೆಂದು ತಿಳಿದು ಯಾರಾದರೂ ಬಾಗಿಲಿಗೆ ಬಂದರೆ ನೆನಪಿರಲಿ.

ನಿಮ್ಮದು ಅಂತ ಇರುವುದು ಇಬ್ಬರೂ ಸಹಿ ಹಾಕಿದ 1.50 ಲಕ್ಷದ ಸಾಲ. ಸ್ಕೋರ್ ಬಿದ್ದಿರುವುದೂ ಬಹುಶಃ ಇದರಿಂದಲೇ. ಕೈಯಲ್ಲಿರುವ ಪ್ರತಿ ರೂಪಾಯಿ ಮೊದಲು ಇದಕ್ಕೆ ಹೋಗಲಿ. ಮ್ಯಾನೇಜರ್ ಹತ್ತಿರ ಕೂತು, ತಿಂಗಳಿಗೆ ಇಷ್ಟು ಹೊಲಿಯುತ್ತೇನೆ, ಇಷ್ಟು ಕಟ್ಟಬಲ್ಲೆ, ಅವಧಿ ಜಾಸ್ತಿ ಮಾಡಿ ಕಂತು ಇಳಿಸಿಕೊಡಿ ಎಂದು ಬರೆದು ಕೇಳಿ. "ಅರ್ಧ ಕಟ್ಟಿ ಸೆಟಲ್ ಮಾಡ್ಕೊಳ್ಳಿ" ಎಂದರೆ ಖುಷಿಯಾಗಬೇಡಿ. ಸಿಬಿಲ್‌ನಲ್ಲಿ ಅದು 'ಕ್ಲೋಸ್ಡ್' (ಪೂರ್ತಿ ತೀರಿಸಿದ್ದು) ಅಲ್ಲ, 'ಸೆಟಲ್ಡ್' (ಕಡಿಮೆ ಕಟ್ಟಿ ಮುಗಿಸಿದ್ದು) ಎಂದು ವರ್ಷಗಟ್ಟಲೆ ನಿಲ್ಲುತ್ತದೆ. ಬೇರೆ ದಾರಿಯೇ ಇಲ್ಲದವರಿಗೆ ಅದು ಸರಿ. ನಿಮಗೆ ದಾರಿ ಇದೆ.

ಸಿಬಿಲ್ ವರದಿ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ, ಮಗನ ಕೈಲಿ ತೆಗೆಸಿ. ಅವರೊಬ್ಬರದೇ ಸಾಲ ತಪ್ಪಿ ನಿಮ್ಮ ಹೆಸರಲ್ಲಿ ಕೂತಿದ್ದರೆ ಆನ್‌ಲೈನಿನಲ್ಲೇ ತಕರಾರು ಹಾಕಿ. 30 ದಿನದಲ್ಲಿ ಇತ್ಯರ್ಥ ಮಾಡಬೇಕು. 590 ಒಂದೇ ತಿಂಗಳಲ್ಲಿ 750 ಆಗುವುದಿಲ್ಲ. ದುಡ್ಡು ಕೊಟ್ಟರೆ ಏರಿಸುತ್ತೇವೆ ಅನ್ನುವವರ ಹತ್ತಿರ ಸುಳಿಯಬೇಡಿ. ಬಾಕಿ ಕಂತು ತೀರಿಸಿ ಮುಂದಿನವನ್ನು ತಪ್ಪದೆ ಕಟ್ಟುತ್ತಾ ಬಂದರೆ ನಿಧಾನಕ್ಕೆ ಏರುತ್ತದೆ. ಅಲ್ಲಿಯವರೆಗೆ ಹಳೇ ಮಷಿನ್ನನ್ನೇ ರಿಪೇರಿ ಮಾಡಿಸಿ.

ಭಾವನವರ ಕೈಗಡ ಬ್ಯಾಂಕಿನ ಲೆಕ್ಕದಂತಲ್ಲ. ನಾಳೆ ಮಗನ ಮದುವೆಯಲ್ಲಿ ಮುಂದೆ ನಿಲ್ಲುವವರು ಅವರೇ. ಅತ್ತೆಯ ಎದುರಿಗೇ ಕೂರಿಸಿಕೊಂಡು, ಪಿಎಫ್ ಬಂದ ಮೇಲೆ ಸ್ವಲ್ಪ ಸ್ವಲ್ಪ ಕೊಡುತ್ತೇನೆ ಅನ್ನಿ. ಇದರಿಂದ ಅತ್ತೆಯ ಮನಸ್ಸೂ ಎಷ್ಟೋ ಹಗುರಾಗುತ್ತದೆ. ಅವರ ಸಂಕಟ ಬ್ಯಾಂಕಿನದಲ್ಲ, ಮಗನ ಹೆಸರು ನಾಲ್ಕು ಜನರ ಬಾಯಲ್ಲಿ ಕೆಡಬಾರದು ಎಂಬುದು. ಅವರ ಜೊತೆ ವಾದ ಮಾಡಬೇಡಿ. ಮೊಮ್ಮಗನ ಓದಿನ ಋಣವೂ ನಿಮ್ಮ ಮಗನದೇ ಅಲ್ವಾ ಅಂತ ಒಮ್ಮೆ ಕೇಳಿ, ಸಾಕು.

ಬ್ಯಾಂಕಿನಿಂದ ನೋಟಿಸು ಬಂದರೆ ಮಡಿಚಿ ದೇವರ ಗೂಡಿನಲ್ಲಿ ಇಡಬೇಡಿ. ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರು ಪುಕ್ಕಟೆ. ಫೋನ್ 15100.

ಪಾಸ್‌ಬುಕ್ಕಿನ ಜೂನ್ ಪುಟದಲ್ಲಿ ಏನಿತ್ತು ಅಂತ ನನಗೊಂದು ಸಾಲು ಬರೆಯಿರಿ.