ಗರ್ಭಕೋಶ ತೆಗೆಸಿದ ಮೇಲೆ ಸದಾ ಮೂತ್ರ ಸೋರುತ್ತಿದೆ, ಇದು ಫಿಸ್ಟುಲಾನಾ?

ಪ್ರಶ್ನೆ: ನನ್ನ ಅಮ್ಮನಿಗೆ 46 ವರ್ಷ. ಗಡ್ಡೆ ಇದ್ದುದರಿಂದ ಹೋದ ತಿಂಗಳು ಗರ್ಭಕೋಶ ತೆಗೆಸಿದೆವು. ಮನೆಗೆ ಬಂದ ವಾರದಲ್ಲೇ ಮೂತ್ರ ಸೋರಲು ಶುರುವಾಯಿತು. ಹಗಲೂ ರಾತ್ರಿ ಪ್ಯಾಡ್ ಬೇಕು. ‘ಆಪರೇಷನ್ ಆದ ನಿಶ್ಶಕ್ತಿ, ಸರಿಹೋಗುತ್ತೆ’ ಅಂತಾರೆ ಎಲ್ಲರೂ. ಒಬ್ಬ ನರ್ಸ್ ಮಾತ್ರ ಫಿಸ್ಟುಲಾ ಇರಬಹುದು ಎಂದರು. ಡಯಾಲಿಸಿಸ್ ಮಾಡಿಸುವ ಚಿಕ್ಕಪ್ಪನ ಕೈಯಲ್ಲೂ ಫಿಸ್ಟುಲಾ ಇದೆ. ಪಕ್ಕದ ಮನೆಯವರಿಗೆ ಮಲದ್ವಾರದ ಹತ್ತಿರ ಆಗಿತ್ತು. ಎಲ್ಲಾ ಒಂದೇ ಕಾಯಿಲೆಯೇ?
– ಓದುಗರು, ದಾವಣಗೆರೆ

ಉತ್ತರ: ಒಂದೇ ಕಾಯಿಲೆ ಅಲ್ಲ. ದೇಹದೊಳಗೆ ಇರಬಾರದ ಕಡೆ ದಾರಿ ಬಿದ್ದರೆ ಅದು ಫಿಸ್ಟುಲಾ. ಯಾವ ಎರಡು ಜಾಗ ಕೂಡಿಕೊಂಡಿವೆ ಅನ್ನುವುದರ ಮೇಲೆ ತೊಂದರೆಯೂ ಚಿಕಿತ್ಸೆಯೂ ಬೇರೆಯಾಗುತ್ತವೆ.

ಚಿಕ್ಕಪ್ಪನ ಕೈಯಲ್ಲಿರುವುದು ಬೇಕೆಂದೇ ಮಾಡಿದ್ದು. ಡಯಾಲಿಸಿಸ್‌ಗೆ ರಕ್ತ ಜೋರಾಗಿ ಹರಿಯಬೇಕು, ಅದಕ್ಕೆ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುತ್ತಾರೆ. 1966ರಿಂದ ಬಳಕೆಯಲ್ಲಿರುವ ವಿಧಾನ ಇದು. ಆ ಕೈಯಲ್ಲಿ ಬಿಪಿ ನೋಡಿಸಬೇಡಿ, ಅಷ್ಟೇ. ಪಕ್ಕದ ಮನೆಯವರದು ಭಗಂದರ. ಮಲದ್ವಾರದ ಪಕ್ಕ ಕುರುವಾಗಿ, ಕೀವು ಚರ್ಮದವರೆಗೆ ದಾರಿ ಮಾಡಿಕೊಂಡಿರುತ್ತದೆ. ಕರುಳಿಗೂ ಮೂತ್ರಚೀಲಕ್ಕೂ ನಡುವೆ ದಾರಿಯಾದರೆ ಮೂತ್ರದ ಜೊತೆ ಗಾಳಿ ಬರುತ್ತದೆ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಅನ್ನನಾಳ, ಶ್ವಾಸನಾಳ ಕೂಡಿಕೊಂಡಿರುತ್ತವೆ. ಅಂಥ ಮಗುವಿನ ಬಾಯಲ್ಲಿ ನೊರೆ ಬರುತ್ತದೆ, ಹಾಲು ಕುಡಿಸಿದರೆ ಉಸಿರು ಕಟ್ಟುತ್ತದೆ.

ಈಗ ನಿಮ್ಮ ಅಮ್ಮನ ವಿಷಯ. ನರ್ಸ್ ಹೇಳಿದ್ದನ್ನು ನಾನಾಗಿದ್ದರೆ ತಳ್ಳಿಹಾಕುತ್ತಿರಲಿಲ್ಲ. ಸ್ನಾಯು ಸಡಿಲವಾಗಿದ್ದರೆ ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಸೋರುತ್ತದೆ. ಮಲಗಿದಾಗಲೂ ಒಂದೇ ಸಮ ಒದ್ದೆಯಾಗುತ್ತಿದ್ದರೆ ಮೂತ್ರಚೀಲಕ್ಕೂ ಯೋನಿಗೂ ನಡುವೆ ತೂತಾಗಿರುವ ಅನುಮಾನ ಜಾಸ್ತಿ. ಇವೆರಡೂ ಅಂಟಿಕೊಂಡಂತೆಯೇ ಇರುತ್ತವೆ. ಗರ್ಭಕೋಶ ಬಿಡಿಸುವಾಗ ಮೂತ್ರಚೀಲಕ್ಕೆ ಪೆಟ್ಟಾದರೆ ಒಂದೆರಡು ವಾರ ಕಳೆದು ಸೋರಿಕೆ ಕಾಣಿಸುತ್ತದೆ. ಹೆರಿಗೆಯಲ್ಲಿ ಮಗುವಿನ ತಲೆ ತುಂಬಾ ಹೊತ್ತು ಸಿಕ್ಕಿಕೊಂಡರೂ ಹೀಗಾಗುವುದುಂಟು. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಅಂಥ ತಾಯಂದಿರಿಗೆಂದೇ 1974ರಿಂದ ಒಂದು ಆಸ್ಪತ್ರೆ ಇದೆ.

ಪತ್ತೆ ಮಾಡುವುದು ಕಷ್ಟವಲ್ಲ. ಯೋನಿಯಲ್ಲಿ ಹತ್ತಿ ಇಟ್ಟು, ಮೂತ್ರಚೀಲಕ್ಕೆ ನೀಲಿ ಬಣ್ಣದ ನೀರು ತುಂಬುತ್ತಾರೆ. ಒಳಗಿನ ಹತ್ತಿ ನೀಲಿಯಾದರೆ ತೂತು ಮೂತ್ರಚೀಲದಲ್ಲಿದೆ. ಹತ್ತಿ ಒದ್ದೆಯಾಗಿಯೂ ನೀಲಿಯಾಗದಿದ್ದರೆ ಕಿಡ್ನಿಯಿಂದ ಬರುವ ಮೂತ್ರನಾಳದ ಮೇಲೆ ಅನುಮಾನ. ಆಮೇಲೆ ಸ್ಕ್ಯಾನ್, ದುರ್ಬೀನು ಪರೀಕ್ಷೆ ಇರುತ್ತವೆ.

ತೂತು ಚಿಕ್ಕದಿದ್ದು ಬೇಗ ಗೊತ್ತಾದರೆ, ಕೆಲವು ವಾರ ಕ್ಯಾತಿಟರ್ (ಮೂತ್ರ ಹೊರಗೆ ಹರಿಯಲು ಮೂತ್ರಚೀಲಕ್ಕೆ ಹಾಕುವ ನಳಿಕೆ) ಹಾಕಿಟ್ಟರೆ ತಾನೇ ಮುಚ್ಚಿಕೊಳ್ಳಬಹುದು. ಇಲ್ಲದಿದ್ದರೆ ಆಪರೇಷನ್. ಊತ ಇಳಿಯಲೆಂದು ಸಾಮಾನ್ಯವಾಗಿ 6ರಿಂದ 12 ವಾರ ಕಾಯುತ್ತಾರೆ. ಈ ಕಾಯುವ ಕಾಲವೇ ಮನೆಯವರಿಗೆ ಕಷ್ಟ. ಡಾಕ್ಟರ್ ಸುಮ್ನೆ ಮುಂದೂಡುತ್ತಿದ್ದಾರೆ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ, ಊದಿದ ಜಾಗದಲ್ಲಿ ಹೊಲಿಗೆ ನಿಲ್ಲುವುದಿಲ್ಲ. ಆಪರೇಷನ್ ಆದ ಮೇಲೂ ಎರಡು ಮೂರು ವಾರ ಕ್ಯಾತಿಟರ್ ಇರಬಹುದು. ಅದರ ನಳಿಕೆ ಮಡಚಿಕೊಳ್ಳದಂತೆ ನೋಡಿಕೊಳ್ಳಿ.

ಸೋರುತ್ತದೆ ಎಂದು ನೀರು ಕುಡಿಯುವುದನ್ನು ಕಡಿಮೆ ಮಾಡಿಸಬೇಡಿ. ಮೂತ್ರ ಗಟ್ಟಿಯಾದಷ್ಟೂ ಚರ್ಮ ಉರಿಯುತ್ತದೆ. ಪ್ಯಾಡ್ ಆಗಾಗ ಬದಲಿಸಿ, ತೊಳೆದು ಒರೆಸಿ, ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಈ ವಾರವೇ ಆಪರೇಷನ್ ಮಾಡಿದ ಡಾಕ್ಟರನ್ನೋ ಯೂರಾಲಜಿಸ್ಟನ್ನೋ (ಮೂತ್ರರೋಗ ತಜ್ಞರು) ಕಾಣಿ. ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಜ್ವರ, ಚಳಿ ಅಥವಾ ಪಕ್ಕೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೂತ್ರನಾಳಕ್ಕೆ ಪೆಟ್ಟಾಗಿದ್ದರೆ ತಡ ಮಾಡಿದಷ್ಟೂ ಕಿಡ್ನಿ ಹಾಳಾಗಬಹುದು.